ಹಿಂದಿನ ಅಡ್ಜಸ್ಟರ್

ಕೊರೊನಾದ ಗಲಾಟೆ ಆಗಷ್ಟೇ ತಣ್ಣಗಾಗಿತ್ತು. ನಾನಾಗ ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿಕೊಂಡು, ಮೋಟಾರು ವಾಹನಗಳ ಇನ್ಶೂರೆನ್ಸ್ ಸರ್ವೇಯರ್ ಆಗಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕು ಸುತ್ತುತ್ತಿದ್ದೆ. ಗುದ್ದಿದ ಗಾಡಿಯನ್ನು ನೋಡಿ, ಏನೇನು ಮುರಿದಿದೆ, ಅದು ಈ ಅಪಘಾತದಲ್ಲೇ ಮುರಿದದ್ದೋ ಮೊದಲೇ ಮುರಿದಿತ್ತೋ, ರಿಪೇರಿಗೆ ಎಷ್ಟು ಕೊಡುವುದು ನ್ಯಾಯ ಎಂದು ವರದಿ ಬರೆಯುವುದು ನನ್ನ ಕೆಲಸ. ನಾವು ಯಾವ ಕಂಪನಿಯ ನೌಕರರೂ ಅಲ್ಲ. ಲೈಸೆನ್ಸ್ ಪಡೆದು ಸ್ವತಂತ್ರವಾಗಿ ಕೆಲಸ ಮಾಡುವವರು. ಗಾಡಿಯವರ ಕಣ್ಣಿಗೆ ನಾವು ಕಂಪನಿಯ ಕಡೆಯವರು, ಕಂಪನಿಯ ಕಣ್ಣಿಗೆ ಗಾಡಿಯವರ ಕಡೆಯವರು. ಇಬ್ಬರಿಂದಲೂ ಬೈಸಿಕೊಳ್ಳುವ ಈ ಕೆಲಸವನ್ನು ನಾನು ಇಪ್ಪತ್ತಾರು ವರ್ಷ ಮಾಡಿದೆ.

ಸರ್ವೇಯರ್ ಎಂಬ ಹೆಸರು ನಮ್ಮ ಕಡೆ ಒಂದು ಪೀಡೆ. ಹಳ್ಳಿಯಲ್ಲಿ ಸರ್ವೇಯರ್ ಎಂದರೆ ಜಮೀನು ಅಳೆಯುವವನು. ಒಮ್ಮೆ ನಂದಗುಡಿ ಹೋಬಳಿಯಲ್ಲಿ ಮಗುಚಿಬಿದ್ದ ಟ್ರ್ಯಾಕ್ಟರ್ ಒಂದನ್ನು ನೋಡಲು ಹೋದಾಗ, ದಾರಿ ಕೇಳುತ್ತಾ "ನಾನು ಇನ್ಶೂರೆನ್ಸ್ ಸರ್ವೇಯರ್" ಎಂದೆ. ಕೇಳಿದವರ ಕಿವಿಗೆ ಬಿದ್ದದ್ದು ಎರಡನೆಯ ಪದ ಮಾತ್ರ. ಆ ಕಡೆ ಯಾವ ಹೊಲ ಯಾವ ಪ್ರಾಜೆಕ್ಟಿಗೆ ಹೋಗುತ್ತದೋ ಎಂದು ಜನ ನಿದ್ದೆಗೆಟ್ಟಿದ್ದ ಕಾಲ ಅದು. ಹತ್ತು ನಿಮಿಷದಲ್ಲಿ ನನ್ನ ಸ್ಕೂಟರ್ ಸುತ್ತ ಇಪ್ಪತ್ತು ಜನ ಸೇರಿದರು. "ಯಾರ ಹೊಲಕ್ಕೆ ಕಲ್ಲು ನೆಡಕ್ಕೆ ಬಂದಿದೀಯಪ್ಪಾ?" ಎಂದು ಒಬ್ಬ ವಯಸ್ಸಾದ ಹೆಂಗಸು ನನ್ನ ಅಳತೆ ಟೇಪನ್ನು ಕಿತ್ತುಕೊಂಡು ಸೆರಗಿಗೆ ಕಟ್ಟಿಕೊಂಡರು. ಟ್ರ್ಯಾಕ್ಟರ್ ಮಾಲೀಕ ಓಡಿಬಂದು ಬಿಡಿಸಿಕೊಳ್ಳದೇ ಹೋಗಿದ್ದರೆ ನಾನು ಅಂದು ಟೇಪಿನ ಜೊತೆಗೆ ಹಲ್ಲನ್ನೂ ಬಿಟ್ಟು ಬರುತ್ತಿದ್ದೆ.

ಅಂದಿನಿಂದ ಆ ಪದದ ಸಹವಾಸವೇ ಬೇಡವೆಂದು ಬಿಟ್ಟೆ. ಹೊರದೇಶಗಳಲ್ಲಿ ನಮ್ಮ ಕೆಲಸದವರನ್ನು ಅಡ್ಜಸ್ಟರ್ ಎನ್ನುತ್ತಾರೆಂದು ಓದಿದ್ದೆ. ಕಾರ್ಡಿನ ಮೇಲೆ ಅದನ್ನೇ ಅಚ್ಚು ಹಾಕಿಸಿದೆ. ಎಲ್ಲಿಗೆ ಹೋದರೂ "ನಾನು ಅಡ್ಜಸ್ಟರ್" ಎನ್ನತೊಡಗಿದೆ. ಜನ ಏನೋ ರಾಜಿ ಮಾಡಿಸುವವನಿರಬೇಕು ಎಂದು ತಿಳಿದು ಕುರ್ಚಿ ಹಾಕಿ ಕಾಫಿ ಕೊಡುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಲಾರಿಗಳ ಬ್ರೇಕಿನಲ್ಲೂ ಅಡ್ಜಸ್ಟರ್ ಎಂಬ ಒಂದು ಭಾಗವಿದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು ನಾನು. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕಿನಲ್ಲಿ, ಚಕ್ರದ ಡ್ರಮ್ಮಿಗೂ ಒಳಗಿನಿಂದ ಅದನ್ನು ಒತ್ತಿ ನಿಲ್ಲಿಸುವ ಲೈನರಿಗೂ ನಡುವೆ ಸಂದು ಹೆಚ್ಚಾಗದಂತೆ ನೋಡಿಕೊಳ್ಳುವ ಅಂಗೈಯುದ್ದದ ಕಬ್ಬಿಣದ ತುಂಡು ಅದು. ಲೈನರ್ ಸವೆದಂತೆ ಸಂದು ದೊಡ್ಡದಾಗಿ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ. ಅಡ್ಜಸ್ಟರಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮತ್ತೆ ಸರಿಯಾಗುತ್ತದೆ. ತಿರುಗಿಸಿದ್ದು ಸಡಿಲವಾಗದಂತೆ ಹಿಡಿದುಕೊಳ್ಳಲು ಅದರಲ್ಲೇ ಒಂದು ಲಾಕ್ ಇರುತ್ತದೆ. ಲಾಕ್ ಕೆಟ್ಟರೆ ಬೆಳಿಗ್ಗೆ ಬಿಗಿ ಮಾಡಿದ್ದು ಮಧ್ಯಾಹ್ನದ ಹೊತ್ತಿಗೆ ಸಡಿಲವಾಗಿರುತ್ತದೆ. ಇನ್ಶೂರೆನ್ಸಿನ ಅಡ್ಜಸ್ಟರ್ ಅಪಘಾತವಾದ ಮೇಲೆ ಬರುವವನು. ಬ್ರೇಕಿನ ಅಡ್ಜಸ್ಟರ್ ಅಪಘಾತವಾಗದಿರಲಿ ಎಂದು ಇರುವಂಥದ್ದು. ಎರಡಕ್ಕೂ ಒಂದೇ ಹೆಸರಿರುವುದು ನನಗೆ ಆಗ ತಮಾಷೆಯಾಗಿ ಕಾಣುತ್ತಿತ್ತು.

ನಸೀಮಾ ಅವರ ಲಾರಿಯ ಕೆಲಸ ನನಗೆ ಎರಡು ಸಲ ಬಂತು. ದೊಡ್ಡಬಳ್ಳಾಪುರದಲ್ಲೇ ಅವರ ಮನೆ. ಲಾರಿ ಅವರ ಗಂಡನದು. ಆತ ಕೊರೊನಾದಲ್ಲಿ ತೀರಿಕೊಂಡ ಮೇಲೆ, ಒಂದೇ ಒಂದು ಆರು ಚಕ್ರದ ಗಾಡಿಯನ್ನು ಮಾರದೆ ಅವರೇ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂದರೆ, ಪರ್ಮಿಟ್ಟು, ಎಫ್‌ಸಿ, ಇನ್ಶೂರೆನ್ಸು, ಬಾಡಿಗೆ ಮಾತಾಡುವುದು ಇವೆಲ್ಲ ಅವರದು. ಗಾಡಿಯ ಬಾನೆಟ್ಟಿನೊಳಗೆ ಏನಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಅದನ್ನೆಲ್ಲ ನೋಡಿಕೊಳ್ಳಲು ಮುನಿರಾಜು ಇದ್ದ.

ಮುನಿರಾಜು ರಾಜಘಟ್ಟದ ಹತ್ತಿರದ ಒಂದು ಹಳ್ಳಿಯವನು. ನಸೀಮಾ ಅವರ ಗಂಡನ ಕಾಲದಿಂದ ಹದಿನೆಂಟು ವರ್ಷ ಅದೇ ಮನೆಯ ಡ್ರೈವರ್, ನಸೀಮಾ ಅವರನ್ನು ಅತ್ತಿಗೆಯೆಂಬಂತೆ 'ಭಾಬಿ' ಎನ್ನುತ್ತಿದ್ದವನು. ಐವತ್ತು ದಾಟಿತ್ತು. ಮೊದಲ ಸಲ ನಾನು ಹೋದದ್ದು ಮರದ ಕೊಂಬೆ ಬಿದ್ದು ಮುಂದಿನ ಗಾಜು ಒಡೆದಿದ್ದಾಗ. ನಾನು ಪಟ್ಟಿ ಮಾಡುತ್ತಾ ಒಡೆದ ವೈಪರನ್ನೂ ಬರೆದುಕೊಂಡೆ. ಅವನು ತಲೆ ಕೆರೆದುಕೊಂಡು ಹತ್ತಿರ ಬಂದ. "ಸಾರ್, ವೈಪರ್ ಮೊದ್ಲೇ ಹೋಗಿತ್ತು. ಇದ ಸೇರಿಸ್ಬೇಡಿ" ಎಂದ. ಇಪ್ಪತ್ತಾರು ವರ್ಷದಲ್ಲಿ ನನಗೆ ಹಾಗೆ ಹೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅವನು ನನ್ನನ್ನು ಕರೆಯುತ್ತಿದ್ದದ್ದು "ಇನ್ಶೂರೆನ್ಸ್ ಸಾರ್" ಎಂದು. ನಸೀಮಾ ಮಾತ್ರ ನನ್ನ ಕಾರ್ಡ್ ನೋಡಿ, ಫೋನಿನಲ್ಲಿ ನನ್ನ ನಂಬರನ್ನು "ಅಡ್ಜಸ್ಟರ್ ಸಾರ್" ಎಂದು ಹಾಕಿಕೊಂಡಿದ್ದರು. ಅದನ್ನು ನನಗೇ ತೋರಿಸಿ, ಕಾಗುಣಿತ ಸರಿಯಿದೆಯೇ ಎಂದೂ ಕೇಳಿದ್ದರು.

ಒಂದು ವರ್ಷದ ಮೇಲೆ ಎರಡನೆಯ ಕ್ಲೇಮು ಬಂತು. ಎಲ್ಲೋ ನಿಲ್ಲಿಸಿದ್ದ ಲಾರಿಗೆ ಜೆಸಿಬಿಯೊಂದು ಹಿಮ್ಮುಖವಾಗಿ ಬಂದು ಎಡಗಡೆಯ ಬಾಗಿಲನ್ನು ನೆಗ್ಗಿಸಿತ್ತು. ದೊಡ್ಡ ವಿಷಯವಲ್ಲ. ನಸೀಮಾ ಫೋಟೋ ಕಳಿಸಿದ್ದರು. ನೋಡಲು ಬರುತ್ತೇನೆ ಎಂದು ನಾನು ಹೇಳಿ ನಾಲ್ಕು ದಿನವಾಗಿತ್ತು, ಹೋಗಿರಲಿಲ್ಲ. ಸರ್ವೆ ಆಗುವವರೆಗೆ ಗಾಡಿಯನ್ನು ರಿಪೇರಿ ಮಾಡಿಸಬಾರದು ಎಂಬುದು ನಿಯಮ. ಓಡಿಸಬಾರದು ಎಂದೇನೂ ಇಲ್ಲ. ಆದರೆ ಬಹಳ ಜನ ಅದನ್ನು ತಪ್ಪು ತಿಳಿದು, ನಾವು ಬರುವವರೆಗೂ ಗಾಡಿಯನ್ನು ಮನೆಮುಂದೆ ನಿಲ್ಲಿಸಿಕೊಂಡು ಬಾಡಿಗೆ ಕಳೆದುಕೊಳ್ಳುತ್ತಾರೆ. ಅಂಥವರಿಗೆ "ನಿಲ್ಲಿಸಬೇಡಿ, ಓಡಿಸಿ" ಎಂದು ಹೇಳಿ ಹೇಳಿ ನನಗೆ ಅದು ಬಾಯಿಪಾಠವಾಗಿತ್ತು.

ಐದನೆಯ ದಿನ ಬೆಳಿಗ್ಗೆ ಎಂಟೂಕಾಲಿಗೆ ನಸೀಮಾ ಅವರ ಫೋನು ಬಂತು. ನಾನು ನೆಲಮಂಗಲದ ಒಂದು ವರ್ಕ್‌ಶಾಪಿನಲ್ಲಿದ್ದೆ. ಪಕ್ಕದಲ್ಲಿ ತಗಡು ಬಡಿಯುತ್ತಿದ್ದರು. ನೋಡಬೇಕಾದ ಕಾರುಗಳು ಇನ್ನೂ ಮೂರಿದ್ದವು, ತಿಂಡಿ ಆಗಿರಲಿಲ್ಲ, ಮುಖ ಸಿಂಡರಿಸಿಕೊಂಡೇ ಫೋನ್ ಎತ್ತಿದೆ.

"ಸಾರ್, ಮುನಿರಾಜಣ್ಣ ಗಾಡಿ ತೆಗಿಯಲ್ಲ ಅಂತಾವ್ರೆ. ಹಿಂದಿನ ಅಡ್ಜಸ್ಟರ್ ನೋಡೋವರ್ಗೂ ಆಗಲ್ವಂತೆ. ನೀವು ಯಾವಾಗ ಬರ್ತೀರಾ?"

ಹಿಂದಿನ ಅಡ್ಜಸ್ಟರ್. ಹೋದ ವರ್ಷ ಬಂದಿದ್ದವನು ನಾನು. ಹಿಂದೆ ಬಂದಿದ್ದವರೇ ಈ ಸಲವೂ ನೋಡಲಿ ಎಂದು ಮುನಿರಾಜು ಹಟ ಹಿಡಿದಿದ್ದಾನೆ ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆ ಗಡಿಬಿಡಿಯಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು.

"ನಾಳೆ ಬರ್ತೀನಮ್ಮ. ಅದಕ್ಕೋಸ್ಕರ ಗಾಡಿ ಯಾಕೆ ನಿಲ್ಲಿಸ್ಕೊಂಡಿದೀರಾ? ಕಾಯೋದೇನೂ ಬೇಡ. ಓಡಿಸೋಕೆ ಹೇಳಿ" ಎಂದೆ.

"ಓಡಿಸ್ಬೋದಾ ಸಾರ್? ಏನೂ ತೊಂದ್ರೆ ಇಲ್ವಾ?"

"ನಾನೇ ಹೇಳ್ತಿದೀನಲ್ಲಮ್ಮ. ಓಡಿಸ್ಲಿ."

ಅವರ ಹಿಂದೆ ಯಾರೋ ಗಂಡಸು ಏನೋ ಹೇಳುತ್ತಿದ್ದದ್ದು ಕೇಳಿಸಿತು. ತಗಡಿನ ಸದ್ದಿನಲ್ಲಿ ಏನೆಂದು ತಿಳಿಯಲಿಲ್ಲ. ತಿಳಿದುಕೊಳ್ಳುವ ವ್ಯವಧಾನವೂ ಇರಲಿಲ್ಲ. ಫೋನ್ ಇಟ್ಟೆ. ಆಮೇಲೆ ಎಷ್ಟೋ ಸಲ ಫೋನಿನ ಪಟ್ಟಿ ತೆಗೆದು ನೋಡಿದ್ದೇನೆ. ನಾವು ಮಾತನಾಡಿದ್ದು ಐವತ್ತೆರಡು ಸೆಕೆಂಡು.

ಅದೇ ದಿನ ಸಂಜೆ ಐದರ ಸುಮಾರಿಗೆ ಕಂಪನಿಯಿಂದ ಕರೆ ಬಂತು. ತೂಬಗೆರೆಯ ಆಚೆ ಇಳಿಜಾರಿನಲ್ಲಿ ಲಾರಿಯೊಂದು ಮೋರಿಗೆ ಗುದ್ದಿದೆ, ಹತ್ತಿರದಲ್ಲಿರುವವರು ನೀವೇ, ಸ್ಪಾಟ್ ಸರ್ವೆ ಮಾಡಿ ಎಂದರು. ಗಾಡಿಯನ್ನು ಕದಲಿಸುವ ಮೊದಲು ಜಾಗದಲ್ಲೇ ನೋಡಿ ಬರೆಯುವುದನ್ನು ಸ್ಪಾಟ್ ಸರ್ವೆ ಎನ್ನುತ್ತೇವೆ. ಗಾಡಿಯ ನಂಬರ್ ಹೇಳಿದಾಗಲೂ ನನಗೆ ಹೊಳೆಯಲಿಲ್ಲ. ದಿನಕ್ಕೆ ಹತ್ತು ನಂಬರ್ ನೋಡುವವನಿಗೆ ಯಾವುದೂ ನೆನಪಿರುವುದಿಲ್ಲ. ಹೋಗಿ ನಿಂತ ಮೇಲೆ, ನೆಗ್ಗಿದ ಎಡಗಡೆಯ ಬಾಗಿಲು ಕಂಡಿತು.

ಮನೆ ಕಟ್ಟುವ ಸಿಮೆಂಟ್ ಬ್ಲಾಕುಗಳ ಲೋಡು. ಲಾರಿ ಮೋರಿಯ ಗೋಡೆಗೆ ಗುದ್ದಿ ನಿಂತಿದೆ, ಹಿಂದಿದ್ದ ಬ್ಲಾಕುಗಳು ನಿಂತಿಲ್ಲ. ಎಲ್ಲವೂ ಮುಂದಕ್ಕೆ ಜಾರಿ ಕ್ಯಾಬಿನ್ನಿನ ಹಿಂಬದಿಯನ್ನು ಒಡೆದು ಒಳನುಗ್ಗಿದ್ದವು. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಮುನಿರಾಜುವನ್ನು ಅಷ್ಟು ಹೊತ್ತಿಗೆ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಸಾಗಿಸಿದ್ದರು. ದಾರಿಯಲ್ಲೇ ಜೀವ ಹೋಗಿತ್ತು ಎಂದು ಅಲ್ಲಿದ್ದ ಪೊಲೀಸ್ ಪೇದೆ ಹೇಳಿದರು. ಅವರು ಮಹಜರಿನ ಹಾಳೆಯಲ್ಲಿ ಬರೆಯುತ್ತಿದ್ದರು. ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ. ಸತ್ತ ಡ್ರೈವರುಗಳ ಮೇಲೆಲ್ಲ ಸಾಮಾನ್ಯವಾಗಿ ಬೀಳುವ ಸಾಲು ಅದು. ನನ್ನ ವರದಿಗಳಲ್ಲಿ ನಾನೇ ಅದನ್ನು ನೂರಾರು ಸಲ ನಕಲು ಮಾಡಿದ್ದೇನೆ.

ಬ್ಲಾಕ್ ಮಾಡುವ ಯಾರ್ಡು ಅಲ್ಲಿಂದ ಎರಡು ಕಿಲೋಮೀಟರ್ ಮೇಲಕ್ಕಿತ್ತು. ಅದರ ಸೂಪರ್‌ವೈಸರ್ ಬಂದು ಮರದಡಿ ಕುಳಿತು ಅಳುತ್ತಿದ್ದ. ಲೋಡು ಎಷ್ಟಿತ್ತು, ಎಷ್ಟು ಹೊತ್ತಿಗೆ ಹೊರಟ ಎಂದೆಲ್ಲ ಕೇಳಿದೆ.

"ಲೋಡ್ ಆದ್ಮೇಲೂ ಹೊರಡ್ಲಿಲ್ಲ ಸಾರ್" ಎಂದ ಅವನು. "ಸ್ಪ್ಯಾನರ್ ತಗೊಂಡು ಗಾಡಿ ಕೆಳಗಡೆ ಮಲ್ಕೊಂಡು ಏನೋ ಟೈಟ್ ಮಾಡ್ತಿದ್ದ. ಅರ್ಧ ಗಂಟೆ ಅದೇ ಆಯ್ತು. 'ಬೆಳಿಗ್ಗೇನೂ ಮಾಡ್ದೆ, ಮತ್ತೆ ಬಿಟ್ಕೊಂಡೈತೆ. ನಿಲ್ತಾನೇ ಇಲ್ಲ ಕಣಪ್ಪಾ ಇದು' ಅಂದ."

ನಾನು ರಸ್ತೆಯ ಮೇಲೆ ಮಲಗಿ ಲಾರಿಯ ಕೆಳಗೆ ತೂರಿದೆ. ಬಲಗಡೆ ಹಿಂದಿನ ಚಕ್ರದ ಹತ್ತಿರ ಟಾರ್ಚ್ ಹಿಡಿದೆ. ಎಲ್ಲ ಕಡೆ ಮಣ್ಣು, ಗ್ರೀಸು ಮೆತ್ತಿಕೊಂಡಿದ್ದರೂ ಅಡ್ಜಸ್ಟರಿನ ಬೋಲ್ಟು ಮಾತ್ರ ಸ್ಪ್ಯಾನರ್ ತಿರುಗಿಸಿ ತಿರುಗಿಸಿ ಬೆಳ್ಳಗೆ ಹೊಳೆಯುತ್ತಿತ್ತು. ಲಾಕ್ ಒಳಗೇ ಸಿಕ್ಕಿಕೊಂಡು ಕೂತಿತ್ತು. ಕೈಯಿಂದ ಅಲುಗಿಸಿದರೆ ಅಡ್ಜಸ್ಟರ್ ಪೂರಾ ಸಡಿಲ. ವರದಿಗೆ ಬೇಕಲ್ಲ ಎಂದು ಅಭ್ಯಾಸದಂತೆ ಬಾಯಲ್ಲಿ ಹೇಳಿಕೊಂಡೆ: ಹಿಂದಿನ ಅಡ್ಜಸ್ಟರ್, ಬಲಗಡೆ.

ಹೇಳಿದ ಮಾತು ನನ್ನ ಕಿವಿಗೇ ಬಿತ್ತು. ಅಲ್ಲೇ ಬೆನ್ನ ಮೇಲೆ ಮಲಗಿದ್ದಂತೆಯೇ ನನಗೆ ಬೆಳಗಿನ ಐವತ್ತೆರಡು ಸೆಕೆಂಡು ಪೂರ್ತಿ ಅರ್ಥವಾಯಿತು. ಹೊರಗೆ ಬರಲು ಆಗಲಿಲ್ಲ. ಪೇದೆಯವರು ಬಗ್ಗಿ, "ಏನಾಯ್ತು ಸಾರ್, ಸಿಕ್ಕಾಕ್ಕೊಂಡ್ರಾ?" ಎಂದು ಕೇಳಿ ಕೈಹಿಡಿದು ಎಳೆದರು.

ಮಾರನೆಯ ದಿನ ಕಂಪ್ರೆಸರ್ ತರಿಸಿ, ಮೋಟಾರು ವಾಹನ ಇನ್‌ಸ್ಪೆಕ್ಟರ್ ಎದುರಿಗೇ ಗಾಳಿ ಹಿಡಿಸಿ ಅಳೆದೆ. ಬ್ರೇಕ್ ಒತ್ತಿದಾಗ ಒಂದೂವರೆ ಇಂಚಿನೊಳಗೆ ಹೊರಬರಬೇಕಾದ, ಅಡ್ಜಸ್ಟರನ್ನು ತಳ್ಳುವ ರಾಡ್ ಎರಡೂವರೆ ಇಂಚಿನವರೆಗೆ ಬಂತು. ಅಂದರೆ ಹಿಂದಿನ ಬಲ ಚಕ್ರಕ್ಕೆ ಬ್ರೇಕ್ ಇದ್ದೂ ಇಲ್ಲದಂತೆ. ಎಡಗಡೆಯದೂ ಅಷ್ಟಕ್ಕಷ್ಟೆ. ಖಾಲಿ ಗಾಡಿಗೆ ಮುಂದಿನ ಚಕ್ರಗಳ ಬ್ರೇಕು ಹೇಗೋ ಸಾಕಾಗಿತ್ತು. ಲೋಡು ಹೊತ್ತು ಇಳಿಜಾರಿಗೆ ಬಂದಾಗ ಸಾಕಾಗಲಿಲ್ಲ.

ಮೂರನೆಯ ದಿನ ನಸೀಮಾ ಅವರ ಮನೆಗೆ ಹೋದೆ. ಅವರು ಗೋಡೆಗೆ ಒರಗಿ ಕೂತಿದ್ದರು. ಏನನ್ನೂ ಬಿಡಿಸಿ ಹೇಳುವ ಮೊದಲು, ಅಂದು ಬೆಳಿಗ್ಗೆ ಮುನಿರಾಜು ಏನೆಂದ, ಒಂದು ಪದವನ್ನೂ ಬಿಡದೆ ಹೇಳಿ ಎಂದೆ.

"'ಹಿಂದಿನ ಅಡ್ಜಸ್ಟರ್ ನೋಡೋವರ್ಗೂ ಗಾಡಿ ತೆಗಿಯಲ್ಲ ಭಾಬಿ. ನೀವೇ ಫೋನ್ ಮಾಡಿ, ಯಾವಾಗ ಬರ್ತಾರೋ ಕೇಳಿ, ನಾನು ಮಾಡುದ್ರೆ ಎತ್ತಲ್ಲ' ಅಂದ್ರು. ನಿಮಗೆ ಮಾಡ್ದೆ."

"ಅವನು ಹೇಳಿದ್ದು ಬ್ರೇಕ್ ಮೆಕ್ಯಾನಿಕ್‌ಗೆ ಮಾಡಿ ಅಂತ ಅಮ್ಮ" ಎಂದೆ. ಅಡ್ಜಸ್ಟರ್ ಎಂದರೆ ಏನೆಂದು ಹೇಳಿದೆ. ನನ್ನ ಕಾರ್ಡಿನ ಮೇಲಿದ್ದದ್ದು ಒಂದು, ಅವನು ಹೇಳಿದ್ದು ಇನ್ನೊಂದು ಎಂದೆ. ಹಿಂದಿನ ಎಂದರೆ ಹಿಂದೆ ಬಂದಿದ್ದವನಲ್ಲ, ಹಿಂಬದಿಯ ಚಕ್ರದ್ದು ಎಂದೆ. ಬ್ರೇಕ್ ಮೆಕ್ಯಾನಿಕ್ ಮದುವೆಗೆಂದು ಹಿಂದೂಪುರಕ್ಕೆ ಹೋಗಿದ್ದ, ಎರಡು ದಿನದಿಂದ ಫೋನ್ ಎತ್ತುತ್ತಿರಲಿಲ್ಲ. ಅದನ್ನು ನಾನು ಅವರ ಮನೆಗೆ ಹೋಗುವ ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದೆ.

ನಸೀಮಾ ಮೆಲ್ಲಗೆ, "ನಾನು ಅವರಿಗೆ ಏನಂದೆ ಗೊತ್ತಾ ಸಾರ್? 'ಬರೋದು ನಾಳೆ ಆಗುತ್ತಂತೆ. ಕಾಯೋದು ಬೇಡ, ಓಡಿಸ್ಲಿ ಅಂದ್ರು' ಅಂದೆ. ಮುನಿರಾಜಣ್ಣ ಎರಡ್ಸಲ ಕೇಳಿದ್ರು. 'ಅವರೇ ಅಂದ್ರಾ ಭಾಬಿ?' ಅಂತ. 'ಹೌದು, ಅವರೇ ಅಂದ್ರು' ಅಂದೆ" ಎಂದರು.

ಮೆಕ್ಯಾನಿಕ್ಕೇ ಹೇಳಿದ್ದಾನೆಂದು ಮುನಿರಾಜು ನಂಬಿದ. ಡ್ರೈವರಿಗೆ ಎಷ್ಟೇ ಅನುಭವವಿರಲಿ, ಬ್ರೇಕಿನ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ ಮೇಲೆ ಮುಗಿಯಿತು. ಅವನು ಗಾಡಿ ಹತ್ತಿದ. ಮೂರು ಜನ ಒಂದೇ ಅಂಗಳದಲ್ಲಿದ್ದಂತೆ ಮಾತನಾಡಿದ್ದೆವು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಮುಟ್ಟಿರಲಿಲ್ಲ. ನಸೀಮಾ ಅವರದಾಗಲಿ ಮುನಿರಾಜುವಿನದಾಗಲಿ ಇದರಲ್ಲಿ ತಪ್ಪಿಲ್ಲ. ಆ ಪದದ ಎರಡೂ ಅರ್ಥ ಗೊತ್ತಿದ್ದವನು ನಾನೊಬ್ಬನೇ.

ಈಗ ಬರೆಯುವ ಪ್ರಶ್ನೆ ಬಂತು. ನಡೆದದ್ದನ್ನು ನಡೆದ ಹಾಗೆ ಬರೆದರೆ ಮುನಿರಾಜುವಿನ ಮೇಲಿನ ಅಜಾಗರೂಕತೆಯ ಮಾತು ನಿಲ್ಲುವುದಿಲ್ಲ. ಆದರೆ ಬ್ರೇಕ್ ಕೆಟ್ಟಿದೆಯೆಂದು ಡ್ರೈವರ್ ಹೇಳಿದ ಮೇಲೂ ಗಾಡಿ ಹೊರಡಿಸಿದರು ಎಂದಾಗುತ್ತದೆ, ಲಾರಿಯ ಕ್ಲೇಮನ್ನು ಕಂಪನಿ ತಳ್ಳಿಹಾಕಲು ಅಷ್ಟು ಸಾಕು. ನನ್ನ ಲೈಸೆನ್ಸಿಗೂ ಕುತ್ತು ಬರುತ್ತದೆ. ಫೋನಿನ ಮಾತು ಬರೆಯದೆ ಬಿಟ್ಟರೆ, ಬ್ರೇಕ್ ನೋಡಿಕೊಳ್ಳದೆ ಓಡಿಸಿದ್ದು ಡ್ರೈವರಿನ ಅಜಾಗರೂಕತೆ ಎಂದಾಗಿ ಲಾರಿಯ ಹಣ ನಸೀಮಾ ಅವರಿಗೆ ಬರುತ್ತದೆ, ನನಗೂ ಏನೂ ಆಗುವುದಿಲ್ಲ. ಕೆಲಸದ ಮೇಲೆ ಸತ್ತವನ ಮನೆಯವರಿಗೆ ಸಿಗುವ ಪರಿಹಾರ ಯಾರ ತಪ್ಪೆಂದು ಕೇಳದೆ ಸಿಗುವಂಥದ್ದು, ಅದಕ್ಕೂ ತೊಂದರೆಯಿಲ್ಲ. ಕೆಡುವುದು ಸತ್ತವನ ಹೆಸರೊಂದೇ. ಸುಳ್ಳಾಡುವುದಿಲ್ಲ, ಎರಡು ದಿನ ನಾನು ಬಾಯಿ ಮುಚ್ಚಿಕೊಂಡಿರುವುದರ ಬಗ್ಗೆಯೇ ಯೋಚಿಸುತ್ತಿದ್ದೆ.

ಇದನ್ನೆಲ್ಲ ನಸೀಮಾ ಅವರ ಮುಂದೆ ಹಾಗೆ ಹಾಗೇ ಇಟ್ಟೆ. ಅವರು ಯೋಚಿಸಲು ಸಮಯ ಕೇಳಲಿಲ್ಲ.

"ಬರೀರಿ ಸಾರ್. ನಮ್ಮವರನ್ನ ಆಸ್ಪತ್ರೆಗೆ ಯಾರೂ ಮುಟ್ಟಿ ಕರ್ಕೊಂಡ್ ಹೋಗ್ತಿರ್ಲಿಲ್ಲ ಆಗ. ಮುನಿರಾಜಣ್ಣ ಹೆಗಲ ಮೇಲೆ ಹಾಕ್ಕೊಂಡು ಹೋದ್ರು. ಅವರ ಮೇಲೆ ತಪ್ಪು ಹೊರಿಸಿ ನಾನು ಲಾರಿ ದುಡ್ಡು ತಗೊಳ್ಳೋದಾ?"

ಅಂದೇ ಕೂತು ಕಂಪನಿಗೆ ಪತ್ರ ಬರೆದೆ. ಫೋನು ಬಂದ ಹೊತ್ತು, ಅವರು ಕೇಳಿದ್ದು, ನಾನು ಹೇಳಿದ್ದು ಎಲ್ಲವನ್ನೂ ಬರೆದು, ಈ ಅಪಘಾತದಲ್ಲಿ ನಾನೇ ಒಬ್ಬ ಸಾಕ್ಷಿಯಾದ್ದರಿಂದ ಸರ್ವೆ ಮಾಡಲು ನನಗೆ ಅಧಿಕಾರವಿಲ್ಲ, ಬೇರೆಯವರನ್ನು ನೇಮಿಸಿ ಎಂದು ಮುಗಿಸಿದೆ. ಅದರ ಪ್ರತಿಯನ್ನು ಠಾಣೆಗೂ ಕೊಟ್ಟು ಹೇಳಿಕೆ ಬರೆಸಿದೆ. ಯಾರ್ಡಿನ ಸೂಪರ್‌ವೈಸರ್ ಕೂಡ ಬಂದು ಸ್ಪ್ಯಾನರಿನ ವಿಷಯ ಹೇಳಿದ. ಕೊನೆಯ ವರದಿಯಲ್ಲಿ ಅಪಘಾತಕ್ಕೆ ಕಾರಣ ಹಿಂಬದಿಯ ಬ್ರೇಕಿನ ಯಾಂತ್ರಿಕ ದೋಷ ಎಂದಾಯಿತು. ಕಂಪನಿ ಲಾರಿಯ ಕ್ಲೇಮನ್ನು ತಿರಸ್ಕರಿಸಿತು. ನಸೀಮಾ ಲಾರಿಯನ್ನು ಗುಜರಿಗೆ ಹಾಕಿ, ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ಲೈಸೆನ್ಸ್ ಕೊಡುವವರು ನನ್ನಿಂದ ವಿವರಣೆ ಕೇಳಿದರು, ಆರು ತಿಂಗಳು ಯಾರೂ ಕೆಲಸ ಕೊಡಲಿಲ್ಲ. ಕೊಟ್ಟಿದ್ದರೂ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮುನಿರಾಜುವಿನ ಹೆಂಡತಿ ಗೌರಮ್ಮನ ಮುಂದೆ ಹೋಗಿ ನಿಲ್ಲುವ ಧೈರ್ಯ ಬಂದದ್ದು ವರ್ಷದ ಮೇಲೆ, ಆ ವರದಿ ಕೈಗೆ ಬಂದಾಗ. ಆಕೆ ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು. ಅವರ ಹಳ್ಳಿಯಲ್ಲಿ ಅಪಘಾತದ ಮರುದಿನದಿಂದಲೇ ಜನ ಮಾತನಾಡಿಕೊಂಡಿದ್ದರು. ಕುಡಿದಿರಬೇಕು ಎಂದು ಒಬ್ಬರು, ನಿದ್ದೆಗೆಟ್ಟು ಓಡಿಸಿರಬೇಕು ಎಂದು ಇನ್ನೊಬ್ಬರು. ಜೀವಮಾನದಲ್ಲಿ ಹೆಂಡ ಮುಟ್ಟದವನ ಬಗ್ಗೆ ಅಂಥ ಮಾತು ಕೇಳಿಕೊಂಡು ಆಕೆ ಡೇರಿಯ ಸಾಲಿನಲ್ಲಿ ಬೆಳಿಗ್ಗೆ ಸಂಜೆ ನಿಲ್ಲಬೇಕಿತ್ತು.

ನಾನು ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತು ಮೊದಲಿನಿಂದ ಹೇಳಿದೆ. ನಸೀಮಾ ಫೋನ್ ಮಾಡಿದ್ದು, ನಾನು ತಪ್ಪು ತಿಳಿದದ್ದು, ಓಡಿಸಲಿ ಎಂದದ್ದು. ಬೈಯಲಿ, ಹೊಡೆಯಲಿ, ಏನು ಮಾಡಿದರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ವರದಿಯ ಸಾಲನ್ನು ಓದಿ ಹೇಳಿದೆ.

ಗೌರಮ್ಮ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಗಾಡಿ ತೆಗಿಯಲ್ಲ ಅಂದಿದ್ರಾ ಅವ್ರು? ಭಾಬಿ ಹತ್ರಾನೂ ಅಂದಿದ್ರಾ?"

"ಅಂದಿದ್ದರು ತಾಯಿ" ಎಂದೆ. ಆಮೇಲೆ ಆಕೆ ಹೇಳಿದ 'ಹತ್ರಾನೂ' ಎಂಬ ಮಾತು ನನ್ನ ತಲೆಗೆ ಹೋಯಿತು.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಯಾರ್ಡಿಂದ ನಂಗೆ ಫೋನ್ ಮಾಡಿದ್ರು ಸಾರ್. 'ಮೆಕ್ಯಾನಿಕ್ಕು ತೆಗಿ ಅಂದವ್ನಂತೆ, ಆದ್ರೂ ನನ್ನ ಮನ್ಸು ಒಪ್ತಿಲ್ಲ ಕಣೆ ಗೌರಿ. ಲೋಡ್ ಇಳಿಸ್ಬಿಟ್ಟು ಬಂದ್ಬಿಡ್ಲಾ' ಅಂದ್ರು. ನಾನೇ ಅಂದೆ... ಭಾಬಿ ಪಾಪ ಒಬ್ರೇ ಒದ್ದಾಡ್ತಾವ್ರೆ, ನಾಲ್ಕು ದಿನ ಆಯ್ತು ಸರಿಯಾಗ್ ಬಾಡ್ಗೆ ಇಲ್ಲ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಂದೆ. ಸರಿ ಅಂತ ಇಟ್ರು."

ಅಡ್ಜಸ್ಟ್ ಮಾಡ್ಕೊಳ್ಳಿ. ನಾವೆಲ್ಲ ದಿನಕ್ಕೆ ಹತ್ತು ಸಲ ಬಸ್ಸಿನ ಸೀಟಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮನೆಯ ಅಡುಗೆಯಲ್ಲಿ ಆಡುವ ಮಾತು. ಒಳ್ಳೆಯ ಮನಸ್ಸಿನಿಂದ, ಇನ್ನೊಬ್ಬ ಹೆಂಗಸಿನ ಕಷ್ಟಕ್ಕೆ ಮರುಗಿ ಆಡಿದ ಮಾತು. ವರ್ಷವಿಡೀ ಆಕೆ ಅದನ್ನು ಯಾರಿಗೂ ಹೇಳದೆ ಒಬ್ಬರೇ ಹೊತ್ತಿದ್ದರು. ಹಳ್ಳಿಯ ಜನ ಏನೇನೋ ಅಂದಾಗಲೂ ಆಕೆ ಯಾಕೆ ಎದುರು ಮಾತನಾಡಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

"ಇದ ಬರೀಬೇಕಾ ಸಾರ್?" ಎಂದು ಕೇಳಿದರು.

"ಬೇಡ ತಾಯಿ. ಬರೆಯೋದೆಲ್ಲ ಮುಗೀತು" ಎಂದೆ. ಇಬ್ಬರೂ ಅತ್ತೆವು. ಹಾಲು ಕರೆಯುವ ಹೊತ್ತಾಗಿ ಹಸು ಕೂಗುವವರೆಗೂ ಅಲ್ಲೇ ಕೂತಿದ್ದೆ.

ಆಮೇಲೆ ಎರಡು ವರ್ಷ 'ಸರ್ವೇಯರ್' ಎಂಬ ಹಳೆಯ ಹೆಸರಿನಲ್ಲೇ ಕೆಲಸ ಮಾಡಿ ನಿಲ್ಲಿಸಿದೆ. ಅಡ್ಜಸ್ಟರ್ ಎಂದಿದ್ದ ಕಾರ್ಡುಗಳನ್ನು ಒಲೆಗೆ ಹಾಕಿದೆ. ಆ ಎರಡು ವರ್ಷದಲ್ಲಿ ಗಾಡಿಯ ಮಾಲೀಕರು ಯಾರೇ ಫೋನ್ ಮಾಡಿ, ಡ್ರೈವರ್ ಹಾಗನ್ನುತ್ತಾನೆ, ಮೆಕ್ಯಾನಿಕ್ ಹೀಗನ್ನುತ್ತಾನೆ ಎಂದರೆ, "ಅವರ ಕೈಗೇ ಫೋನ್ ಕೊಡಿ" ಎನ್ನುತ್ತಿದ್ದೆ. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ, ನಿಮಗೇನನಿಸುತ್ತದೆ ಎಂದು ಅವರ ಬಾಯಿಂದಲೇ ಕೇಳುತ್ತಿದ್ದೆ. ಕೆಲವು ಮಾಲೀಕರಿಗೆ ಅದು ಅವಮಾನವೆನಿಸುತ್ತಿತ್ತು. ಎನಿಸಲಿ. ಮುರಿದದ್ದಕ್ಕೆ ಬೆಲೆ ಕಟ್ಟುವುದನ್ನು ಯಾರು ಬೇಕಾದರೂ ಕಲಿಯಬಹುದು. ಗಾಡಿಯ ಕೆಳಗೆ ಮಲಗಿ ಎದ್ದವನು ಬೇಡ ಎಂದಾಗ, ಯಾಕಪ್ಪಾ ಎಂದು ಕೇಳುವಷ್ಟು ಪುರುಸೊತ್ತು ಇಟ್ಟುಕೊಳ್ಳಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದಕ್ಕೆ ತೆತ್ತವನು ಮಾತ್ರ ನಾನಲ್ಲ.

ಇದನ್ನು ಬರೆಯುವ ಮೊದಲು ಇಬ್ಬರ ಒಪ್ಪಿಗೆಯನ್ನೂ ಕೇಳಿದೆ. ನಸೀಮಾ ಬರೆಯಿರಿ ಎಂದರು. ಗೌರಮ್ಮ ಎರಡು ದಿನ ಯೋಚಿಸಿ, ತಾವು ಹೇಳಿದ್ದನ್ನೂ ಸೇರಿಸಿ ಬರೆಯಿರಿ, ಮುಚ್ಚಿಟ್ಟು ಸಾಕಾಗಿದೆ ಎಂದರು. ಹೆಸರುಗಳನ್ನು ಬದಲಾಯಿಸುತ್ತೇನೆ ಎಂದೆ. "ನಮ್ಮದೆಲ್ಲ ಬದಲಾಯಿಸ್ಕೊಳ್ಳಿ ಸಾರ್. ಅವ್ರದು ಒಂದು ಹಂಗೇ ಇರ್ಲಿ" ಎಂದರು.

ಹಾಗಾಗಿ ಇಲ್ಲಿ ನಸೀಮಾ ಎಂಬುದೂ ಗೌರಮ್ಮ ಎಂಬುದೂ ನಾನಿಟ್ಟ ಹೆಸರುಗಳು. ಮುನಿರಾಜು ಎಂಬುದು ನಿಜವಾದ ಹೆಸರು. ಆ ದಿನ ಅವನು ಗಾಡಿ ತೆಗೆಯುವುದಿಲ್ಲ ಎಂದಿದ್ದ.